ಹಸಿಮರದ ಬಿಲ್ಲು: ಅನರ್ಥದಂಡ ವ್ರತದ ಒಂದು ವಿಚಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ವಿಷಯವಾಗಿ ನಮ್ಮ ಮನೆಗಳಲ್ಲಿ ಮಾತು ನಡೆಯುತ್ತಿರುತ್ತದೆ. ಅಷ್ಟಮಿ ಚತುರ್ದಶಿಗಳ ಉಪವಾಸ, ಏಕಭುಕ್ತ, ರಾತ್ರಿಭೋಜನ ತ್ಯಾಗ ಮುಂತಾದುವುಗಳ ತಿಳಿವಳಿಕೆಯೂ ಹಿರಿಯರಿಂದ ಕಿರಿಯರಿಗೆ ಸಹಜವಾಗಿಯೇ ಹರಿದು ಬಂದಿದೆ. ಆದರೆ ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯ ಹೆಸರನ್ನು ಪಾಠಶಾಲೆಯಲ್ಲಿ ತಪ್ಪಿಲ್ಲದೆ ಒಪ್ಪಿಸಿದವರೂ, ಆ ವ್ರತವು ದಿನದ ಬಾಳಿನಲ್ಲಿ ಯಾವ ಕೆಲಸಕ್ಕೆ ತಡೆಯೊಡ್ಡುತ್ತದೆ ಎಂದು ಕೇಳಿದರೆ ಉತ್ತರಕ್ಕಾಗಿ ತಡವರಿಸುವುದುಂಟು. ಪ್ರಯೋಜನವಿಲ್ಲದ ಪಾಪಕ್ರಿಯೆಯನ್ನು ಬಿಡುವುದು ಎಂಬ ಅರ್ಥವನ್ನು ಹೇಳಿ ಮುಗಿಸುವುದು ಸುಲಭ. ಯಾವುದು ಪ್ರಯೋಜನ, ಯಾವುದು ಅಲ್ಲ, ಅದನ್ನು ನಿರ್ಣಯಿಸುವವರು ಯಾರು ಎಂಬಲ್ಲಿಂದ ಕಷ್ಟವು ಮೊದಲಾಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಭಾಗಿಸಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬುವೇ ಆ ಐದು. ಇವುಗಳಲ್ಲಿ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ ಮೊದಲಾದ ಹಿಂಸೆಯ ಸಾಧನಗಳನ್ನು ಇತರರಿಗೆ ಒದಗಿಸುವುದು ಹಿಂಸಾದಾನ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಮರಗಳನ್ನು ಕತ್ತರಿಸುವುದು ಪ್ರಮಾದಚರ್ಯೆ. ಈ ಎರಡೂ ಒಂದೇ ಕೆಲಸದಲ್ಲಿ ಕೂಡಿಬರುವ ಉದಾಹರಣೆಯೊಂದನ್ನು ತೆಗೆದುಕೊಂಡು ಆಲೋಚಿಸಿದರೆ ವ್ರತದ ಮರ್ಮವು ಹೆಚ್ಚು ಸ್ಪಷ್ಟವಾದೀತು. ಒಬ್ಬನು ತೋಪಿಗೆ ಹೋಗಿ, ನೆಟ್ಟಗೆ ಬೆಳೆದ ಎಳೆಯ ಮರವೊಂದನ್ನು ಕಡಿದು, ಅದರಿಂದ ಬಿಲ್ಲನ್ನು ಮಾಡುತ್ತಾನೆ. ಆ ಬಿಲ್ಲಿನಿಂದ ಇನ್ನೂ ಒಂದು ಬಾಣವೂ ಹೊರಟಿಲ್ಲ. ಯಾವ ಪ್ರಾಣಿಯೂ ಗಾಯಗೊಂಡಿಲ್ಲ. ಈತನ ವ್ರತಕ್ಕೆ ಭಂಗ ಬಂದಿತೆ? ಬಂದಿದ್ದರೆ ಅದು ಯಾವ ಗಳಿಗೆಯಲ್ಲಿ?

ಬಿಲ್ಲು ಆಗುವ ಬಗೆ

ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಕೆಲಸವನ್ನು ಸರಿಯಾಗಿ ನೋಡಬೇಕು. ಬಿಲ್ಲಿಗೆ ಎಲ್ಲ ಮರವೂ ಒದಗದು. ಮಣಿಕಟ್ಟಿನಷ್ಟು ಅಥವಾ ಅದಕ್ಕಿಂತ ತುಸು ದಪ್ಪನಾದ, ಆಳುದ್ದಕ್ಕೂ ಗಂಟಿಲ್ಲದ, ಕವಲೊಡೆಯದ, ಎಳೆ ತಿರುಚಿಕೊಳ್ಳದ ಕಾಂಡವೇ ಬೇಕು. ಅಂದರೆ ತೋಪಿನಲ್ಲಿ ರೋಗವಿಲ್ಲದೆ ಅತ್ಯಂತ ಚೆನ್ನಾಗಿ ಬೆಳೆಯುತ್ತಿರುವ ಮರವೇ ಬಿಲ್ಲುಗಾರನ ಕಣ್ಣಿಗೆ ಮೊದಲು ಬೀಳುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಆದುದರಿಂದ ಅದು ಉಳಿಗೂ ಬಾಚಿಗೂ ಮೃದುವಾಗಿ ಒಗ್ಗುತ್ತದೆ. ಆದರೆ ಹಸಿಯಾಗಿರುವಾಗಲೇ ಅದನ್ನು ಬಗ್ಗಿಸಿ ಹೆದೆಯೇರಿಸಿದರೆ ಅದು ಬಗ್ಗಿದಂತೆಯೇ ಉಳಿದುಬಿಡುತ್ತದೆ. ಹಿಂದಕ್ಕೆ ಚಿಮ್ಮುವ ಕಸುವು ಅದರಲ್ಲಿ ನಿಲ್ಲುವುದಿಲ್ಲ. ಹಾಗೆಂದು ಬಿಸಿಲಿನಲ್ಲಿಟ್ಟು ಬೇಗ ಒಣಗಿಸಿದರೆ ತುದಿಗಳಿಂದ ಸೀಳು ಬಿಡುತ್ತದೆ. ತಿಳಿದವರು ಕಡಿದ ತುದಿಗಳಿಗೆ ಮೇಣವನ್ನು ಬಳಿದು, ಒರಟಾಗಿ ಕೆತ್ತಿ ಹಗುರ ಮಾಡಿ, ನೆಟ್ಟಗಿನ ಹಲಗೆಗೆ ಬಿಗಿದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆರಳಿನಲ್ಲಿ ಇಡುತ್ತಾರೆ.

ಒಣಗಿದ ಮೇಲೆ ನಿಜವಾದ ಕೆಲಸ ಮೊದಲಾಗುತ್ತದೆ. ತೊಗಟೆಯ ಕಡೆಯ ಮೈ ಬಿಲ್ಲಿನ ಬೆನ್ನಾಗಬೇಕು. ಹೆದೆ ಎಳೆದಾಗ ಆ ಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬೆನ್ನಿನ ಮೇಲಿನ ಒಂದು ಎಳೆಯನ್ನು ಅಡ್ಡವಾಗಿ ಕತ್ತರಿಸಿದರೂ ಅಲ್ಲಿಂದಲೇ ಸಿಬಿರೆದ್ದು ಬಿಲ್ಲು ಮುರಿಯುತ್ತದೆ. ಆದಕಾರಣ ಬೆನ್ನನ್ನು ಮುಟ್ಟದೆ ಒಳಮೈಯನ್ನು ಮಾತ್ರ ಕೀಸಬೇಕು. ಒಂದಿಷ್ಟು ಕೀಸಿ, ಸ್ವಲ್ಪ ಬಗ್ಗಿಸಿ, ಎರಡು ತೋಳುಗಳೂ ಸಮನಾಗಿ ಬಾಗುತ್ತವೆಯೇ ಎಂದು ದೂರದಿಂದ ನೋಡಿ, ಬಾಗದೆ ಬಿಗಿದಿರುವ ಸ್ಥಳವನ್ನು ಗುರುತಿಸಿ, ಅಲ್ಲಿ ಮತ್ತೆ ಒಂದಿಷ್ಟು ಕೀಸಬೇಕು. ಈ ಕ್ರಮವು ನೂರಾರು ಸಲ ನಡೆಯುತ್ತದೆ. ಏಕೆಂದರೆ ತೆಗೆದ ಮರವನ್ನು ಮರಳಿ ಅಂಟಿಸುವುದು ಸಾಧ್ಯವಿಲ್ಲ. ಒಂದು ಪೆಟ್ಟಿಗೆ ಮುಂಚೆ ಹತ್ತು ಸಲ ನೋಡುವುದೇ ಈ ವಿದ್ಯೆಯ ಮೊದಲ ಪಾಠ.

ಅರ್ಧದಲ್ಲಿ ನಿಂತುಹೋದ ಇಂತಹ ಒಂದು ಕೆಲಸವನ್ನು ಇಂದಿಗೂ ಕಣ್ಣಾರೆ ಕಾಣಬಹುದು. 1991ರ ಸೆಪ್ಟೆಂಬರ್ ತಿಂಗಳಲ್ಲಿ ಆಸ್ಟ್ರಿಯಾ ಮತ್ತು ಇಟಲಿ ದೇಶಗಳ ಗಡಿಯಲ್ಲಿರುವ ಆಲ್ಪ್ಸ್ ಪರ್ವತದ ಹಿಮದಲ್ಲಿ, ಐದು ಸಾವಿರ ವರ್ಷಗಳಿಗೂ ಹಿಂದೆ ಸತ್ತ ಮನುಷ್ಯನೊಬ್ಬನ ದೇಹ ಕೆಡದೆ ದೊರೆಯಿತು. ಓಟ್ಸಿ ಎಂದು ವಿದ್ವಾಂಸರು ಕರೆಯುವ ಆತನ ಬಳಿ ತಾಮ್ರದ ಕೊಡಲಿಯಿತ್ತು. ಆತನ ಎತ್ತರವನ್ನು ಮೀರಿದ, ಸುಮಾರು 1.8 ಮೀಟರು ಉದ್ದದ, ಯೂ ಎಂಬ ಮರದ ಬಿಲ್ಲಿತ್ತು. ಬಿಲ್ಲು ಪೂರ್ತಿಯಾಗಿರಲಿಲ್ಲ. ಕೆತ್ತಿದ ಗುರುತುಗಳು ಅದರ ಮೇಲೆ ಹಾಗೆಯೇ ಉಳಿದಿದ್ದುವು. ಬತ್ತಳಿಕೆಯಲ್ಲಿದ್ದ ಹದಿನಾಲ್ಕು ಕಡ್ಡಿಗಳಲ್ಲಿ ಎರಡು ಮಾತ್ರ ಬಾಣಗಳಾಗಿದ್ದುವು. ಆತನು ಚಳಿಯಿಂದ ಸತ್ತನೆಂದೇ ಬಹಳ ಕಾಲ ಭಾವಿಸಿದ್ದರು. 2001ರಲ್ಲಿ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಆತನ ಎಡಭುಜದೊಳಗೆ ಹುದುಗಿದ್ದ ಕಲ್ಲಿನ ಬಾಣದ ಮೊನೆ ಕಾಣಿಸಿತು. ಒಂದು ಬಿಲ್ಲನ್ನು ಮಾಡುತ್ತಿದ್ದವನು ಇನ್ನೊಂದು ಬಿಲ್ಲಿನಿಂದ ಸತ್ತಿದ್ದನು. ಹಿಮದ ನಾಡಿನ ಆ ಮನುಷ್ಯನನ್ನು ನಮ್ಮ ಶ್ರಾವಕಾಚಾರದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಆದರೆ ಆತನನ್ನು ಕೊಂದ ಬಾಣವು ಯಾರದೋ ಕೈಯಲ್ಲಿ, ಎಲ್ಲಿಯೋ, ಶಾಂತವಾದ ಒಂದು ಹಗಲಿನಲ್ಲಿ, ಯಾರಿಗೂ ನೋವಾಗದಂತೆ ತಯಾರಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಹಿಂಸೆಯ ಮೊದಲ ಗಳಿಗೆ

ಹಿಂಸೆಯು ಬಾಣ ತಗುಲಿದಾಗ ಆಗುತ್ತದೆ ಎಂದು ಲೋಕವು ತಿಳಿಯುತ್ತದೆ. ನಮ್ಮ ಆಗಮವು ಅದಕ್ಕಿಂತ ಬಹಳ ಹಿಂದಿನಿಂದ ಲೆಕ್ಕವಿಡುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವನ್ನು ಜೀವ ಮತ್ತು ಅಜೀವ ಎಂದು ಎರಡಾಗಿ ವಿಂಗಡಿಸುತ್ತಾರೆ. ಜೀವಾಧಿಕರಣದಲ್ಲಿ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಿವೆ. ಮಾಡಬೇಕೆಂಬ ಸಂಕಲ್ಪವು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ. ಕೆಲಸಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನ, ವಚನ, ಕಾಯ ಎಂಬ ಮೂರು ಯೋಗಗಳಿಂದ ಗುಣಿಸಬೇಕು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದ ಮತ್ತೆ ಗುಣಿಸಬೇಕು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಪುನಃ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳು ಈ 108 ಬಾಗಿಲುಗಳನ್ನು ನೆನಪಿಸುತ್ತವೆ ಎಂದು ನಮ್ಮ ಹಿರಿಯರು ಹೇಳುವುದುಂಟು.

ಈ ಲೆಕ್ಕವನ್ನು ನಮ್ಮ ಬಿಲ್ಲಿಗೆ ಅನ್ವಯಿಸಿ ನೋಡಬಹುದು. ತೋಪಿನಲ್ಲಿ ನಡೆಯುತ್ತಿದ್ದವನ ದೃಷ್ಟಿ ನೆಟ್ಟಗಿನ ಕಾಂಡದ ಮೇಲೆ ನಿಂತು, ಇದು ನನಗೆ ಬೇಕು ಎಂಬ ಭಾವ ಹುಟ್ಟಿದಾಗಲೇ ಸಂರಂಭವಾಯಿತು. ಮನೆಗೆ ಬಂದು ಕೊಡಲಿಗೆ ಸಾಣೆ ಹಿಡಿದದ್ದು ಸಮಾರಂಭ. ಬುಡಕ್ಕೆ ಬಿದ್ದ ಮೊದಲನೆಯ ಪೆಟ್ಟು ಆರಂಭ. ತಾನು ಕೊಡಲಿಯನ್ನು ಮುಟ್ಟದೆ ಆಳಿನಿಂದ ಕಡಿಸಿದರೂ ಕಾರಿತದ ಪಾಪವು ತಪ್ಪುವುದಿಲ್ಲ. ಪಕ್ಕದವನು ಕಡಿದು ತಂದದ್ದನ್ನು ನೋಡಿ ಎಷ್ಟು ಸೊಗಸಾದ ಮರವೆಂದು ತಲೆದೂಗಿದರೂ ಅನುಮತದ ಪಾಲು ಬಂದೇ ಬರುತ್ತದೆ. ನನ್ನ ಬಿಲ್ಲು ಎಲ್ಲರ ಬಿಲ್ಲಿಗಿಂತ ಮೇಲಾಗಬೇಕೆಂಬ ಆಸೆಯಲ್ಲಿ ಮಾನಕಷಾಯವು ಅಡಗಿ ಕುಳಿತಿದೆ.

ಅಜೀವಾಧಿಕರಣದ ನಾಲ್ಕು ಭೇದಗಳಲ್ಲಿ ಮೊದಲನೆಯದು ನಿರ್ವರ್ತನೆ, ಅಂದರೆ ನಿರ್ಮಾಣ. ಮರ, ಕಲ್ಲು ಮುಂತಾದುವುಗಳಿಂದ ವಸ್ತುವೊಂದನ್ನು ರೂಪಿಸುವುದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉತ್ತರಗುಣ ನಿರ್ವರ್ತನೆಯೆಂದು ವಿವರಿಸಿದ್ದಾರೆ. ಅವರೇ ಎಣಿಸುವ 25 ಕ್ರಿಯೆಗಳಲ್ಲಿ ಹಿಂಸೆಯ ಉಪಕರಣವನ್ನು ಕೈಗೆ ತೆಗೆದುಕೊಳ್ಳುವುದೇ ಆಧಿಕರಣಿಕೀ ಎಂಬ ಪ್ರತ್ಯೇಕ ಕ್ರಿಯೆಯಾಗಿದೆ. ನೋವನ್ನುಂಟುಮಾಡುವ ಪಾರಿತಾಪಿಕೀ, ಪ್ರಾಣವನ್ನು ತೆಗೆಯುವ ಪ್ರಾಣಾತಿಪಾತಿಕೀ ಎಂಬುವು ಅದರಿಂದ ಬೇರೆಯಾದುವು. ಇದರಿಂದ ತಿಳಿಯುವುದೇನೆಂದರೆ, ಬಾಣವು ಹೊರಡದಿದ್ದರೂ, ಹೊರಟು ಗುರಿ ತಪ್ಪಿದರೂ, ಬಿಲ್ಲನ್ನು ಮಾಡಿ ಹಿಡಿದವನ ಲೆಕ್ಕ ಶೂನ್ಯವಾಗಿರುವುದಿಲ್ಲ.

ಏಕೇಂದ್ರಿಯವೆಂಬ ಸಮಾಧಾನ

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಮರವು ಏಕೇಂದ್ರಿಯ ಜೀವ. ಅಣುವ್ರತಿಯಾದ ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಬಿಟ್ಟಿದ್ದಾನೆಯೇ ಹೊರತು ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡಲಾರ. ಬಾಗಿಲು, ನೇಗಿಲು, ಒನಕೆ, ತೊಟ್ಟಿಲು ಎಲ್ಲವೂ ಮರದಿಂದಲೇ ಆದುವು. ಹೀಗಿರುವಲ್ಲಿ ಒಂದು ಎಳೆಯ ಮರದ ಬಗೆಗೆ ಇಷ್ಟು ವಿಚಾರವೇಕೆ?

ಆಕ್ಷೇಪಣೆಯ ಮೊದಲ ಭಾಗ ಸತ್ಯವೇ. ಆದರೆ ಸ್ಥಾವರ ಹಿಂಸೆಯಲ್ಲಿ ಗೃಹಸ್ಥನಿಗೆ ಇರುವುದು ಅನಿವಾರ್ಯತೆಯ ವಿನಾಯಿತಿ, ಅದು ಅಧಿಕಾರವಲ್ಲ. ಅನಿವಾರ್ಯತೆ ಎಲ್ಲಿ ಮುಗಿಯುವುದೋ ಅಲ್ಲಿಯೇ ವಿನಾಯಿತಿಯೂ ಮುಗಿಯುತ್ತದೆ. ಅಣುವ್ರತವು ತೆರೆದಿಟ್ಟಿರುವ ಆ ಬಾಗಿಲಲ್ಲಿ ಕಾವಲು ನಿಲ್ಲುವುದಕ್ಕಾಗಿಯೇ ಗುಣವ್ರತವಿದೆ. ಮರಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಉಚ್ಛ್ವಾಸ-ನಿಃಶ್ವಾಸ, ಆಯು ಎಂಬ ನಾಲ್ಕು ಪ್ರಾಣಗಳಿವೆ. ಕೂಗಲು ಬಾಯಿಲ್ಲ, ಓಡಲು ಕಾಲಿಲ್ಲ. ತನ್ನ ನೋವನ್ನು ತಿಳಿಸಲಾರದ ಜೀವಿಯ ವಿಷಯದಲ್ಲಿ ತಿಳಿಯಬಲ್ಲವನ ಹೊಣೆ ಹೆಚ್ಚಾಗಬೇಕಲ್ಲದೆ ಕಡಿಮೆಯಾಗಬಾರದು. ಇದಲ್ಲದೆ ಮರವೆಂಬುದು ಒಂಟಿ ಜೀವವೂ ಅಲ್ಲ. ಎಳೆಯ ಚಿಗುರುಗಳಲ್ಲಿ ನಿಗೋದ ಜೀವಗಳು ಆಶ್ರಯ ಪಡೆದಿರುತ್ತವೆಂದು ಶಾಸ್ತ್ರವು ಹೇಳುತ್ತದೆ. ತೊಗಟೆಯ ಬಿರುಕಿನಲ್ಲಿ ಇರುವೆ, ಹುಳು, ಜೇಡಗಳಿರುತ್ತವೆ. ಕವಲಿನಲ್ಲಿ ಹಕ್ಕಿಯ ಗೂಡಿರಬಹುದು. ಸ್ಥಾವರ ಹಿಂಸೆಯೆಂದು ಹಗುರವಾಗಿ ತೊಡಗಿದ ಕೆಲಸ ಮೂರು ಪೆಟ್ಟಿನೊಳಗೆ ತ್ರಸಹಿಂಸೆಯಾಗಿ ಮಾರ್ಪಡುತ್ತದೆ.

ಷಡ್ಲೇಶ್ಯೆಗಳ ದೃಷ್ಟಾಂತವನ್ನು ನಮ್ಮ ಓದುಗರು ಬಲ್ಲರು. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಂಡರು. ಒಬ್ಬನು ಬೇರಸಹಿತ ಕೀಳಬೇಕೆಂದನು. ಎರಡನೆಯವನು ಬುಡವನ್ನು ಕಡಿಯೋಣವೆಂದನು. ಮೂರನೆಯವನು ಕೊಂಬೆಯನ್ನು, ನಾಲ್ಕನೆಯವನು ಕಿರುಗೊಂಬೆಯನ್ನು, ಐದನೆಯವನು ಹಣ್ಣನ್ನು ಮಾತ್ರ ಬಯಸಿದನು. ಆರನೆಯವನು ನೆಲಕ್ಕೆ ಉದುರಿದ ಹಣ್ಣೇ ಸಾಕೆಂದನು. ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಈ ಚಿತ್ರವನ್ನು ಕಂಡವರು ಹಲವರಿದ್ದಾರೆ. ಇಲ್ಲಿ ಆರು ಮಂದಿಯ ಹಸಿವೂ ಒಂದೇ, ದೊರೆಯುವ ಫಲವೂ ಒಂದೇ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಅಂತರವೆಲ್ಲವೂ, ಇಷ್ಟಕ್ಕೆ ಎಷ್ಟು ಸಾಕು ಎಂಬ ವಿವೇಕದಲ್ಲಿದೆ. ಬಿಲ್ಲಿಗಾಗಿ ಎಳೆಮರವನ್ನು ಬುಡದಲ್ಲಿ ಕಡಿಯುವವನು ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣು ತಿಂದರೆ ಮರ ಉಳಿಯುತ್ತದೆ. ಬಿಲ್ಲಿಗೆ ಮರದ ಕಾಂಡವೇ ಬೇಕು.

ಒಬ್ಬೊಬ್ಬರ ಬೇಡಿಕೆ ಸಣ್ಣದಾಗಿದ್ದರೂ ಅವೆಲ್ಲ ಕೂಡಿದಾಗ ಏನಾಗುತ್ತದೆಂಬುದಕ್ಕೆ ಯೂರೋಪಿನ ಇತಿಹಾಸವೇ ಸಾಕ್ಷಿ. ಓಟ್ಸಿಯ ಬಿಲ್ಲಿನ ಅದೇ ಯೂ ಮರದಿಂದ ಇಂಗ್ಲೆಂಡಿನ ಸೈನ್ಯದ ಉದ್ದಬಿಲ್ಲುಗಳು ತಯಾರಾಗುತ್ತಿದ್ದುವು. ಆ ಮರ ಬಹಳ ನಿಧಾನವಾಗಿ ಬೆಳೆಯುವಂತಹುದು. ಸ್ವದೇಶದ ಮರ ಸಾಲದೆ ಹೋದಾಗ, ತಮ್ಮ ಬಂದರಿಗೆ ಬರುವ ಹಡಗುಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕರಂತೆ ಬಿಲ್ಲಿನ ಮರಗಳನ್ನು ತರಬೇಕೆಂದು 1472ರಲ್ಲಿ ಅಲ್ಲಿ ಕಾನೂನು ಮಾಡಿದರು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಎಂಬ ಒಂದೇ ಯುದ್ಧನೌಕೆಯಿಂದ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತಿವೆ. ಮಧ್ಯ ಯೂರೋಪಿನ ಯೂ ಕಾಡುಗಳು ಈ ವ್ಯಾಪಾರದಿಂದ ಬರಿದಾದುವು. ಒಂದೇ ಮರ ತಾನೆ ಎಂದು ಹೇಳಿದವರು ಸಾವಿರ ಮಂದಿಯಾದಾಗ ಕಾಡೇ ಹೋಯಿತು.

ಸಂತೋಷವು ಪ್ರಯೋಜನವೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬೇಟೆಗಾಗಲಿ ಯುದ್ಧಕ್ಕಾಗಲಿ ಅಲ್ಲದೆ, ಕೇವಲ ಕೈಕೆಲಸದ ಸಂತೋಷಕ್ಕಾಗಿ, ಹವ್ಯಾಸವಾಗಿ ಬಿಲ್ಲನ್ನು ಮಾಡುವವರು ಇಂದು ಹಲವು ದೇಶಗಳಲ್ಲಿದ್ದಾರೆ. ಭಗವಾನ್ ವೃಷಭನಾಥರೇ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಬೋಧಿಸಿದರಲ್ಲವೆ, ಬಿಲ್ಲು ಮಾಡುವುದೂ ಒಂದು ಶಿಲ್ಪವಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳುವುದು ತಪ್ಪಲ್ಲ. ಆದರೆ ಕರ್ಮಭೂಮಿಯ ಆದಿಯಲ್ಲಿ ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಬದುಕಲು ದಾರಿ ಕಾಣದಿದ್ದಾಗ ಆ ಷಟ್ಕರ್ಮಗಳು ಜೀವನೋಪಾಯವಾಗಿ ಉಪದೇಶಿಸಲ್ಪಟ್ಟುವು. ಜೀವನೋಪಾಯವು ಪ್ರಯೋಜನವೆಂಬುದು ನಿರ್ವಿವಾದ. ಆದರೆ ಸಂತೋಷವನ್ನೂ ಪ್ರಯೋಜನವೆಂದು ಒಪ್ಪಬಹುದೇ?

ಒಪ್ಪಿದರೆ ಅನರ್ಥದಂಡವೆಂಬ ಮಾತಿಗೇ ಅರ್ಥವುಳಿಯದು. ಸುಮ್ಮನೆ ಎಲೆಯನ್ನು ಹರಿಯುವವನಿಗೂ, ಕೊಳಕ್ಕೆ ಕಲ್ಲೆಸೆಯುವವನಿಗೂ ಒಂದಿಷ್ಟು ಸಂತೋಷವುಂಟು. ಸಂತೋಷವಿಲ್ಲದೆ ಯಾರೂ ನಿಷ್ಪ್ರಯೋಜಕ ಕೆಲಸಕ್ಕೆ ಕೈಹಾಕುವುದಿಲ್ಲ. ಪ್ರಯೋಜನವು ಕ್ರಿಯೆಗಿಂತ ಮೊದಲೇ ಇರತಕ್ಕದ್ದು. ಕ್ರಿಯೆಯಿಂದ ಹುಟ್ಟುವ ಸುಖವನ್ನು ಹಿಂದಕ್ಕೆ ತಂದು ಅದಕ್ಕೆ ಪ್ರಯೋಜನವೆಂಬ ಹೆಸರಿಡಲಾಗದು. ಈ ವ್ರತದ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣ ಎಂಬುದನ್ನು ಆಚಾರ್ಯರು ಸೇರಿಸಿದ್ದಾರೆ. ಪ್ರಯೋಜನವನ್ನು ವಿಚಾರಿಸದೆ ಅಧಿಕವಾಗಿ ಮಾಡುವುದೇ ಆ ಅತಿಚಾರ. ವ್ರತಿಯಿಂದ ವ್ರತವು ಬಯಸುವುದು ಸಮೀಕ್ಷೆಯನ್ನು, ಅಂದರೆ ಚೆನ್ನಾಗಿ ನೋಡುವುದನ್ನು.

ಬಿಲ್ಲುಗಾರನಲ್ಲಿ ಸಮೀಕ್ಷೆಗೆ ಕೊರತೆಯಿಲ್ಲವೆಂಬುದೇ ಇಲ್ಲಿಯ ವಿಶೇಷ. ಒಂದು ಸಿಬಿರನ್ನು ತೆಗೆಯುವ ಮುನ್ನ ಅವನು ಹತ್ತು ಸಲ ನೋಡುತ್ತಾನೆ. ತೆಗೆದದ್ದನ್ನು ಮರಳಿ ಸೇರಿಸಲಾಗದೆಂದು ಹೆದರುತ್ತಾನೆ. ಇಷ್ಟೊಂದು ಎಚ್ಚರವುಳ್ಳವನು ಬುಡಕ್ಕೆ ಹಾಕಿದ ಮೊದಲನೆಯ ಪೆಟ್ಟಿಗೆ ಮುಂಚೆ ಎಷ್ಟು ಸಲ ನೋಡಿದನು? ಆ ಪೆಟ್ಟಿನಿಂದ ಹೋದ ಆಯುವನ್ನೂ ಮರಳಿ ಸೇರಿಸಲಾಗದಲ್ಲವೆ? ಕೆಲಸದ ನಡುವೆ ಇರುವ ಎಚ್ಚರವನ್ನು ಕೆಲಸದ ಮೊದಲಿಗೆ ಒಯ್ಯಬೇಕೆಂಬುದೇ ಅನರ್ಥದಂಡ ವ್ರತದ ಬೇಡಿಕೆ. ಅದಕ್ಕೆ ಹೊಸ ಗುಣವೇನೂ ಬೇಕಾಗಿಲ್ಲ. ಎಲ್ಲ ನುರಿತ ಕುಶಲಕರ್ಮಿಗಳಲ್ಲಿಯೂ, ಅಡುಗೆ ಬಲ್ಲ ಗೃಹಿಣಿಯರಲ್ಲಿಯೂ ಆ ಗುಣ ಈಗಾಗಲೇ ಇದೆ.

ಈ ಸಮೀಕ್ಷೆಗೆ ಮೂರು ಪ್ರಶ್ನೆಗಳು ಸಾಕು. ಇದು ಬೇಕೇ ಬೇಕೆ? ಬೇಕಾದರೆ ಇದಕ್ಕಿಂತ ಕಡಿಮೆ ಹಿಂಸೆಯಲ್ಲಿ ಆಗದೆ? ಆದ ಮೇಲೆ ಈ ವಸ್ತು ಯಾರ ಕೈಗೆ ಹೋಗುತ್ತದೆ? ಮೊದಲನೆಯದು ಪ್ರಯೋಜನದ ಪ್ರಶ್ನೆ. ಎರಡನೆಯದು ಲೇಶ್ಯೆಯ ಪ್ರಶ್ನೆ. ಮೂರನೆಯದು ಹಿಂಸಾದಾನದ ಪ್ರಶ್ನೆ. ಮೂರನೆಯದನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಮಾಡಿದವನು ಸೌಮ್ಯನಾಗಿರಬಹುದು. ಅವನು ಮಾಡಿದ ಬಿಲ್ಲು ಅವನ ಸೌಮ್ಯತೆಯನ್ನು ತನ್ನೊಡನೆ ಕೊಂಡೊಯ್ಯುವುದಿಲ್ಲ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಷ ಆಯುಧಗಳನ್ನು ಕೊಡಬಾರದೆಂದು ಹೇಳಿ, ಅಡುಗೆಯ ಬೆಂಕಿಯಂತಹುದನ್ನು ಸಹ ಪರಸ್ಪರ ಬಳಕೆಯಿಲ್ಲದವರಿಗೆ ಕೊಡದಂತೆ ಎಚ್ಚರಿಸಿದುದರ ಹಿಂದೆ ಈ ದೂರದೃಷ್ಟಿಯೇ ಇದೆ. ನೆರೆಮನೆಯವರಿಗೆ ಒಲೆ ಹೊತ್ತಿಸಲು ಕೆಂಡ ಕೊಡುವುದು ಬಾಳುವೆಯ ಧರ್ಮ. ಕಾಣದ ಕೈಗೆ ಕೆಂಡ ಕೊಡುವುದು ಬೇರೆ.

ಬಿಲ್ಲು ಹಿಡಿದ ಶ್ರಾವಕರು

ಜೈನರ ಇತಿಹಾಸವು ಬಿಲ್ಲನ್ನು ಅರಿಯದ್ದೇನೂ ಅಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಚಿಕ್ಕಬೆಟ್ಟದಿಂದ ಬಾಣ ಬಿಟ್ಟನೆಂದೂ, ಅದು ತಗುಲಿದ ದೊಡ್ಡಬೆಟ್ಟದ ಬಂಡೆಯಲ್ಲಿ ಬಾಹುಬಲಿಯ ರೂಪ ಕಾಣಿಸಿತೆಂದೂ ಬೆಳಗೊಳದ ಐತಿಹ್ಯವು ಹೇಳುತ್ತದೆ. ಚಿಕ್ಕಬೆಟ್ಟದ ಬುಡದಲ್ಲಿರುವ ಬಂಡೆಯೊಂದಕ್ಕೆ ಇಂದಿಗೂ ಅವನ ಹೆಸರಿದೆ. ಹಾಗಾದರೆ ಇಂತಹ ಶ್ರಾವಕೋತ್ತಮನ ಕೈಯಲ್ಲಿದ್ದ ಬಿಲ್ಲನ್ನು ಏನೆಂದು ತಿಳಿಯಬೇಕು?

ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ಭೇದವಿರುವುದು ಇಂತಹ ಸಂದರ್ಭಕ್ಕಾಗಿಯೇ. ನಾಡನ್ನು ಕಾಯಬೇಕಾದವನ ಬಿಲ್ಲಿಗೆ ಪ್ರಯೋಜನವುಂಟು. ಆ ಪ್ರಯೋಜನಕ್ಕೂ ಎಲ್ಲೆಯುಂಟು. ಯುದ್ಧದಲ್ಲಿ ಆಯುಧ ಹಿಡಿದು ಎದುರು ನಿಂತವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಅರಸನು ಅಸ್ತ್ರವನ್ನು ಪ್ರಯೋಗಿಸತಕ್ಕದ್ದು, ದೀನರ ಮೇಲಲ್ಲ ಎಂದು ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಸ್ಪಷ್ಟಪಡಿಸಿದ್ದಾರೆ. ಆ ಚಾವುಂಡರಾಯನಿಗಾಗಿಯೇ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಮರದ ಮುಂದೆ ನಿಂತ ಆರು ಮಂದಿಯ ದೃಷ್ಟಾಂತವು ಬರುವುದು ಅದರ ಜೀವಕಾಂಡದಲ್ಲಿಯೇ. ಬಿಲ್ಲನ್ನು ಹಿಡಿಯಲೇಬೇಕಾಗಿದ್ದ ಶಿಷ್ಯನಿಗೆ ಗುರುವು ಉದುರಿದ ಹಣ್ಣಿನ ಪಾಠವನ್ನೂ ಹೇಳಿಕೊಟ್ಟಿದ್ದನು. ಅನಿವಾರ್ಯವಾಗಿ ಆಯುಧ ಹಿಡಿದವನ ಉದಾಹರಣೆಯನ್ನು ತೋರಿಸಿ, ಅನಿವಾರ್ಯವಿಲ್ಲದವನು ತನ್ನ ವಿನೋದಕ್ಕೆ ರಕ್ಷಣೆ ಪಡೆಯುವುದು ಸಲ್ಲದು.

ಹಾಗೆಯೇ, ಕಾಡಿನಲ್ಲಿ ಬಾಳುವ ಜನರ ಕೈಯಲ್ಲಿರುವ ಬಿಲ್ಲನ್ನು ಕಂಡು ನಾವು ತಿರಸ್ಕಾರ ತಾಳುವುದೂ ಸಲ್ಲದು. ಅವರ ಬದುಕಿನಲ್ಲಿ ಬಿಲ್ಲು ತಲೆಮಾರುಗಳಿಂದ ಅನ್ನದ ಸಾಧನವಾಗಿ ಬಂದಿರಬಹುದು. ವ್ರತವು ಹಿಡಿದವನನ್ನು ಅಳೆಯುವ ಕೋಲು. ಪರರನ್ನು ಹೊಡೆಯುವ ಕೋಲಾಗಬಾರದು.

ಆಟದ ಬಿಲ್ಲು

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ನಿಜವಾಗಿ ಏಳುವುದು ಮಕ್ಕಳ ಮೂಲಕ. ರಾಮಾಯಣ ಮಹಾಭಾರತಗಳ ಕಥೆಯನ್ನು ಕೇಳಿದ ಅಥವಾ ದೂರದರ್ಶನದಲ್ಲಿ ನೋಡಿದ ಬಾಲಕನು ರಜೆಯಲ್ಲಿ ಬಿಲ್ಲು ಬೇಕೆಂದು ಹಟ ಹಿಡಿಯುತ್ತಾನೆ. ತಂದೆಯೋ ಮಾವನೋ ಪ್ರೀತಿಯಿಂದ ಮಚ್ಚನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಾರೆ. ಇದರಲ್ಲಿ ದೋಷವಿದೆಯೆಂದರೆ ಮನೆಯವರಿಗೆ ಅತಿಯೆನ್ನಿಸಬಹುದು.

ಎರಡು ವಿಷಯಗಳನ್ನು ಇಲ್ಲಿ ಬೇರ್ಪಡಿಸಬೇಕು. ಮೊದಲನೆಯದು ಮರ. ಮಗುವಿನ ಬಿಲ್ಲಿಗೆ ಹಸಿಮರವೇ ಆಗಬೇಕೆಂದಿಲ್ಲ. ಹಳೆಯ ಬಿದಿರಿನ ಗಳುವಿನಿಂದ ಸೀಳಿದ ಒಂದು ದಬ್ಬೆ ಸಾಕು. ಒಣಗಿದ ಬಿದಿರು ಅಚಿತ್ತವೂ ಹೌದು, ಹಸಿ ಕೊಂಬೆಗಿಂತ ಚೆನ್ನಾಗಿ ಚಿಮ್ಮುತ್ತದೆ. ಆರನೆಯ ಮನುಷ್ಯನು ಉದುರಿದ ಹಣ್ಣನ್ನು ಆಯ್ದುಕೊಂಡ ಹಾಗೆ, ಮನೆಯಲ್ಲಿ ಬಿದ್ದಿರುವುದನ್ನು ಮೊದಲು ಹುಡುಕುವ ಅಭ್ಯಾಸವನ್ನು ಮಗುವಿಗೆ ಕಲಿಸಿದರೆ ಅದೇ ಒಂದು ವ್ರತಪಾಠವಾಗುತ್ತದೆ. ಹಿತ್ತಿಲ ಎಳೆಗಿಡವನ್ನು ಒಂದು ಮಧ್ಯಾಹ್ನದ ಆಟಕ್ಕಾಗಿ ಕಡಿದು, ಸಂಜೆಗೆ ಮುರಿದು ಬಿಸುಡುವುದನ್ನು ಕಲಿಸಿದರೆ ಅದೂ ಪಾಠವೇ.

ಎರಡನೆಯದು ಗುರಿ. ಯಶೋಧರನ ಕಥೆಯನ್ನು ಜನ್ನಕವಿಯು 1209ರಲ್ಲಿ ಕನ್ನಡದಲ್ಲಿ ಹೇಳಿದನು. ಆ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ರಕ್ತ ಹರಿಯಲಿಲ್ಲ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಎಷ್ಟು ಭವಗಳಲ್ಲಿ ತಿರ್ಯಂಚರಾಗಿ ನವೆದರೆಂಬುದನ್ನು ನಾವು ಬಲ್ಲೆವು. ಆಟದ ಬಾಣವನ್ನು ಓತಿಕ್ಯಾತಕ್ಕೆ, ಅಳಿಲಿಗೆ, ಗೋಡೆಯ ಮೇಲೆ ಬರೆದ ಹಕ್ಕಿಗೆ ಗುರಿಯಿಡುವ ಮಗುವಿನ ಮನಸ್ಸಿನಲ್ಲಿ ಆ ಹಿಟ್ಟಿನ ಕೋಳಿಯೇ ಕುಳಿತಿರುತ್ತದೆ. ಸುತ್ತುಗಳನ್ನು ಬರೆದ ಹಲಗೆಗೆ ಗುರಿಯಿಡುವುದು ಹಾಗಲ್ಲ. 1972ರಿಂದ ಬಿಲ್ಲುಗಾರಿಕೆಯು ಒಲಿಂಪಿಕ್ ಕ್ರೀಡಾಕೂಟದಲ್ಲಿ ಮತ್ತೆ ಸೇರಿದೆ. ನಮ್ಮ ದೇಶದ ಯುವಕ ಯುವತಿಯರೂ ಅದರಲ್ಲಿ ಸ್ಪರ್ಧಿಸುತ್ತಿದ್ದಾರೆ. ಅಲ್ಲಿ ಜೀವಿಯ ಸಂಕಲ್ಪವಿಲ್ಲ. ಏಕಾಗ್ರತೆ ಮತ್ತು ಶರೀರಸಂಯಮ ಮುಖ್ಯವಾದ ಆ ಅಭ್ಯಾಸವನ್ನು ಸಂಕಲ್ಪೀ ಹಿಂಸೆಯೆಂದು ಕರೆಯುವುದು ಶಾಸ್ತ್ರಕ್ಕೆ ಮೀರಿದ ಮಾತಾದೀತು. ಆದರೆ ಅಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡೇ ಮುಂದುವರಿಯುವುದು ವ್ರತಿಗೆ ಲೇಸು.

ಕೆಳಗಿಳಿದ ಬಿಲ್ಲು

ನಮ್ಮ ಪುರಾಣಗಳಲ್ಲಿ ಬಿಲ್ಲಿನ ಅತ್ಯಂತ ದೊಡ್ಡ ಸನ್ನಿವೇಶವು ಬಾಣ ಬಿಟ್ಟದ್ದಲ್ಲ, ಬಿಡದೆ ಇದ್ದದ್ದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಪುರೂರವನೆಂಬ ಬೇಡನ ಕಥೆಯಿದೆ. ಕಾಡಿನಲ್ಲಿ ದಾರಿ ತಪ್ಪಿದ ಸಾಗರಸೇನ ಮುನಿಗಳನ್ನು ಅವನು ದೂರದಿಂದ ಜಿಂಕೆಯೆಂದು ಭ್ರಮಿಸಿ ಬಾಣವನ್ನು ಹೂಡುತ್ತಾನೆ. ಅವನ ಹೆಂಡತಿ ಕಾಲಿಕೆಯು ತಡೆಯುತ್ತಾಳೆ. ಇವರು ವನದೇವತೆಗಳು, ಕೊಲ್ಲಬೇಡ ಎನ್ನುತ್ತಾಳ. ಬಿಲ್ಲು ಕೆಳಗಿಳಿಯುತ್ತದೆ. ಬೇಡನು ಮುನಿಗಳ ಬಳಿಗೆ ಹೋಗಿ, ನಮಸ್ಕರಿಸಿ, ಮದ್ಯ ಮಾಂಸ ಮಧುಗಳ ತ್ಯಾಗವ್ರತವನ್ನು ಸ್ವೀಕರಿಸುತ್ತಾನೆ. ಆ ಜೀವವೇ ಅನೇಕ ಭವಗಳನ್ನು ದಾಟಿ ಭಗವಾನ್ ಮಹಾವೀರರಾಯಿತು. ಅಂತಿಮ ತೀರ್ಥಂಕರರ ಭವಾವಳಿಯ ಕಥೆ ಒಬ್ಬ ಬೇಡನ ಹೆಂಡತಿಯ ತಡೆಯುವ ಮಾತಿನಿಂದ ಮೊದಲಾಗುತ್ತದೆ.

ಕಾಲಿಕೆಯು ಮಾಡಿದ್ದು ಸಮೀಕ್ಷೆ. ಗಂಡನು ನೋಡದೆ ಬಿಲ್ಲನ್ನೆತ್ತಿದ್ದನು. ಅವಳು ನೋಡಿ ಮಾತನಾಡಿದಳು. ಅವಳಿಗೆ ಆಗ ಯಾವ ವ್ರತವೂ ಇರಲಿಲ್ಲ, ಶಾಸ್ತ್ರಜ್ಞಾನವೂ ಇರಲಿಲ್ಲ. ವ್ರತವನ್ನು ಪಡೆದ ನಮ್ಮ ಮನೆಗಳಲ್ಲಿ, ಕೊಡಲಿಯನ್ನೋ ಮಚ್ಚನ್ನೋ ಕೈಗೆತ್ತಿಕೊಂಡವರಿಗೆ ಒಂದು ಕ್ಷಣ ನಿಲ್ಲಿ, ಇದು ಬೇಕೆ ಎಂದು ಕೇಳುವವರು ಒಬ್ಬರಾದರೂ ಇರಬೇಕು.

ಪರ್ವದಿನಗಳಿಗೂ ಇದಕ್ಕೂ ಸಂಬಂಧವುಂಟು. ಪ್ರೋಷಧೋಪವಾಸದಲ್ಲಿ ನಾವು ಆಹಾರದೊಡನೆ ಆರಂಭಗಳನ್ನೂ ತ್ಯಜಿಸುತ್ತೇವೆ. ಆ ದಿನ ಕೊಡಲಿ, ಗುದ್ದಲಿ, ಒನಕೆಗಳಿಗೆ ವಿಶ್ರಾಂತಿ. ಉಪವಾಸವು ಹೊಟ್ಟೆಗೆ ಮಾತ್ರ ಸೀಮಿತವಾಗಿ, ಮನಸ್ಸು ಮರುದಿನ ಕಡಿಯಬೇಕಾದ ಮರವನ್ನು ಆಯ್ದುಕೊಳ್ಳುತ್ತಿದ್ದರೆ ಸಂರಂಭವು ನಿಂತಂತಾಗಲಿಲ್ಲ. ಉಪವಾಸದ ದಿನವು ಹಿಂದಿನ ಪಕ್ಷದಲ್ಲಿ ಮಾಡಿದ ಕೆಲಸಗಳನ್ನು ಆ ಮೂರು ಪ್ರಶ್ನೆಗಳಿಂದ ಪರೀಕ್ಷಿಸಲು ತಕ್ಕ ದಿನ. ಹಸಿದಿರುವಾಗ ಬೇಕು ಎಂಬ ಮಾತಿನ ನಿಜವಾದ ತೂಕ ತಿಳಿಯುತ್ತದೆ. ಅನ್ನವನ್ನೇ ಒಂದು ದಿನ ಬಿಡಬಲ್ಲವನಿಗೆ, ಅನ್ನಕ್ಕಿಂತ ಎಷ್ಟೋ ಕಡಿಮೆ ಅಗತ್ಯವಾದುದನ್ನು ಬಿಡುವುದು ಕಷ್ಟವಾಗಬಾರದು.

ನಿಯಮವನ್ನು ಸ್ವೀಕರಿಸಲಿಚ್ಛಿಸುವವರು ತಮ್ಮ ಶಕ್ತಿಯನ್ನರಿತು ಸಣ್ಣದರಿಂದ ಮೊದಲು ಮಾಡಬಹುದು. ಚಾತುರ್ಮಾಸದ ನಾಲ್ಕು ತಿಂಗಳು ಹಸಿಮರವನ್ನು ಕಡಿಯುವುದಿಲ್ಲ, ಕಡಿಸುವುದಿಲ್ಲ, ಕಡಿದವರನ್ನು ಹೊಗಳುವುದಿಲ್ಲ ಎಂಬ ಮಿತಕಾಲದ ನಿಯಮ ಯಾವ ಗೃಹಸ್ಥನಿಗೂ ಭಾರವಾಗದು. ಮಳೆಗಾಲವಾದುದರಿಂದ ಆ ದಿನಗಳಲ್ಲಿ ಜೀವೋತ್ಪತ್ತಿಯೂ ಹೆಚ್ಚು. ಅದು ನೆಲೆಗೊಂಡ ಮೇಲೆ, ಹಿಂಸೆಯ ಉಪಕರಣಗಳನ್ನು ಅರಿಯದವರಿಗೆ ಕೊಡುವುದಿಲ್ಲ ಎಂಬ ನಿಯಮವನ್ನು ಕೂಡಿಸಬಹುದು. ಹಸಿಮರವನ್ನು ಒಮ್ಮೆಗೇ ಬಿಸಿಲಿಗೆ ಒಡ್ಡಿದರೆ ಸೀಳುತ್ತದೆ, ನೆರಳಿನಲ್ಲಿ ನಿಧಾನವಾಗಿ ಒಣಗಿದ್ದು ಗಟ್ಟಿಯಾಗುತ್ತದೆ ಎಂದು ಮೇಲೆ ಹೇಳಿದೆವು. ತಪಸ್ಸು ಶಕ್ತ್ಯನುಸಾರವಾಗಿರಬೇಕೆಂದು ಷೋಡಶಭಾವನೆಗಳಲ್ಲಿ ಹೇಳಿರುವುದೂ ಅದೇ ನ್ಯಾಯವನ್ನು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪ್ರಯೋಜನವಿಲ್ಲದೆ ಎಳೆಯ ಮರವನ್ನು ಕಡಿದು ಬಿಲ್ಲು ಮಾಡಿದವನ ವ್ರತಕ್ಕೆ ದೋಷ ತಗುಲಿತು. ಅದು ಬಾಣ ಬಿಟ್ಟಾಗ ಬಂದ ದೋಷವಲ್ಲ, ಬಿಲ್ಲು ಸಿದ್ಧವಾದಾಗ ಬಂದುದೂ ಅಲ್ಲ. ಮರದ ಮುಂದೆ ನಿಂತು, ನೋಡಬೇಕಾದುದನ್ನು ನೋಡದೆ ಕೈಯೆತ್ತಿದಾಗಲೇ ಬಂದಿತು. ಕೈಯೆತ್ತುವ ಮುನ್ನ ನೋಡುವ ಅಭ್ಯಾಸವು ನಮ್ಮ ಮನೆಮನೆಗಳಲ್ಲಿ ಬೆಳೆಯಲಿ. ಮುಂಬರುವ ಪರ್ವದಲ್ಲಿ ಶ್ರಾವಕ ಶ್ರಾವಿಕೆಯರು ಈ ಗುಣವ್ರತದ ಕಡೆಗೂ ಗಮನವೀಯಲಿ ಎಂದು ಹಾರೈಸುತ್ತೇವೆ.